ಹನ್ನೆರಡು ಇಂಚಿನ ಗಿಟಾರು

೧೯೩೧, ಜನವರಿ ೩೦, ಶುಕ್ರವಾರ

ಮೊದಲು ಮಾಫಿ ಕೇಳಬೇಕು. ಇದು ಆಲ್ಜೀಬ್ರಾ ಮಾಡಲೆಂದು ವಾರ್ಡನ್ ಸಾಹೇಬರು ಕೊಟ್ಟ ನೋಟ್‌ಬುಕ್. ಇದರಲ್ಲಿ ಸ್ವಂತ ಗೋಳು ಬರೆಯುವುದು ತಪ್ಪು. ಬರೆದಿಡುವಂಥ ಲೈಫೂ ನನ್ನದಲ್ಲ. ಆದರೆ ಎರಡು ದಿನದಿಂದ ನಿದ್ದೆಯಿಲ್ಲ. ತಲೆಯಲ್ಲಿರುವುದನ್ನು ಎಲ್ಲಾದರೂ ಇಳಿಸದಿದ್ದರೆ ಸೋಮವಾರದ ಟೆಸ್ಟಿನಲ್ಲಿ ನನ್ನ ಹೆಸರನ್ನೇ ತಪ್ಪು ಬರೆದೇನು. ಕನ್ನಡದಲ್ಲಿ ಬರೆಯಲು ಕಾರಣವಿದೆ. ಕಲಬುರಗಿಯ ಈ ಬೋರ್ಡಿಂಗಿನಲ್ಲಿ ಇಂಗ್ಲಿಷನ್ನು ಎಲ್ಲರೂ ಕದ್ದು ಓದುತ್ತಾರೆ, ಉರ್ದುವನ್ನು ಅರ್ಧ ಜನ. ಕನ್ನಡ ಓದಲು ಬರುವವರು ಅಡಿಗೆಯವನು ಮತ್ತು ನನ್ನ ರೂಮಿನ ದೇವೀಂದ್ರಪ್ಪ. ಅಡಿಗೆಯವನಿಗೆ ಪುರುಸೊತ್ತಿಲ್ಲ. ದೇವೀಂದ್ರಪ್ಪನಿಗೆ ಓದುವ ಚಟವಿಲ್ಲ.

ಡ್ಯಾಡಿಯ ಲೆಟರ್ ಬಂದಿದೆ, ಬೊಂಬಾಯಿಯಿಂದ, ನಾಲ್ಕು ವರ್ಷದ ನಂತರ. ಡ್ಯಾಡಿ ರಿಟೈರ್ ಆಗಿದ್ದಾರೆ. ಮಾರ್ಚ್ ಇಪ್ಪತ್ತೊಂದರ ಹಡಗಿಗೆ ಇಂಗ್ಲೆಂಡಿಗೆ ಹೋಗುತ್ತಾರೆ, ಇನ್ನು ಈ ಕಡೆ ಬರುವುದಿಲ್ಲ. ಹೋಗುವ ಮೊದಲು ನನ್ನ ಹತ್ತಿರ ಇರುವ ಗಿಟಾರು ಅವರಿಗೆ ವಾಪಸು ಬೇಕಂತೆ. ಅದು ಅವರ ತಾಯಿಯದಂತೆ. ಅದರ ಬದಲು ಬೊಂಬಾಯಿಯ ಅಂಗಡಿಯಿಂದ ಹೊಸದೊಂದನ್ನು ಕಳಿಸುತ್ತಾರೆ. ಲೆಟರಿನ ಜೊತೆ ಕ್ಯಾಟಲಾಗಿನ ಒಂದು ಹಾಳೆ ಇಟ್ಟಿದ್ದಾರೆ. ನಂಬರ್ ಒಂದರಿಂದ ನಾಲ್ಕರವರೆಗೆ ನಾಲ್ಕು ಗಿಟಾರುಗಳ ಚಿತ್ರ, ಒಂದಕ್ಕಿಂತ ಒಂದರ ಹೊಟ್ಟೆ ದೊಡ್ಡದು. "ಯಾವ ನಂಬರ್ ಬೇಕೋ ಬರೆ, ಮೈ ಬಾಯ್," ಎಂದಿದ್ದಾರೆ.

ಮೈ ಬಾಯ್ ಎಂಬ ಕಡೆ ಎಂಟು ಸಲ ಓದಿದೆ.

ಡ್ಯಾಡಿ ನಿಜಾಮ್ ಸರ್ಕಾರದ ರಸ್ತೆ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದವರು. ಹುಮನಾಬಾದ್ ರಸ್ತೆ ಮಾಡಿಸುವಾಗ ಆರು ವರ್ಷ ಕಮಲಾಪುರದಲ್ಲಿದ್ದರು. ನಾನು ಹುಟ್ಟಿದ್ದು ಆಗ. ನನ್ನ ತಾಯಿ ಕಮಲಾಪುರದವರು. ಹಾಗೆಂದು ಬರೆಯಲೂ ಕೈ ತಡೆಯುತ್ತದೆ. ಬೋರ್ಡಿಂಗಿನಲ್ಲಿ ಯಾರಿಗೂ ಹೇಳಿಲ್ಲ. ಐದನೆಯ ವಯಸ್ಸಿಗೆ ಮಿಷನ್ ಬೋರ್ಡಿಂಗಿಗೆ ಬಂದ ಮೇಲೆ ಕಮಲಾಪುರಕ್ಕೆ ನಾನು ಹೋಗುವುದು ವರ್ಷಕ್ಕೆ ಒಂದು ಸಲ. ಕಾಲೇಜಿಗೆ ಸೇರಿದಾಗ ತಾಯಿ ಗಿಟಾರನ್ನು ಕೌದಿಯಲ್ಲಿ ಸುತ್ತಿ ಕೊಟ್ಟರು. ಡ್ಯಾಡಿಯ ಲೆಟರಿನಲ್ಲಿ ಅವರ ಹೆಸರಿಲ್ಲ. ಇರಬೇಕೆಂದು ನಾನೂ ಎಣಿಸಿರಲಿಲ್ಲ.

ಯಾವ ನಂಬರ್ ಎಂದು ಹೇಗೆ ಹೇಳಲಿ? ದೊಡ್ಡದನ್ನು ಕೇಳಿದರೆ ಆಸೆಬುರುಕ ಎನ್ನಬಹುದು. ಚಿಕ್ಕದನ್ನು ಕೇಳಿದರೆ ಏನೂ ತಿಳಿಯದವ ಎನ್ನಬಹುದು.

ಫೆಬ್ರವರಿ ೧, ರವಿವಾರ

ಬೆಳಗಿನ ಪ್ರೇಯರಿಗೆ ಎಂದಿನ ಹಾಗೆ ಬೆಂಚಿನ ಪಕ್ಕ ನಿಂತು ನುಡಿಸಿದೆ. ಅರವತ್ತು ಹುಡುಗರು ಹಾಡಿದರು. ಮುಗಿದ ಮೇಲೆ ವಾರ್ಡನ್ ಸಾಹೇಬರು ಹೆಗಲ ಮೇಲೆ ಕೈಯಿಟ್ಟು, "ಆರ್ಥರ್, ಇವತ್ತು ಯಾಕೆ ನುಡಿಸಲಿಲ್ಲ? ಹುಷಾರಿಲ್ಲವೇ?" ಎಂದು ಕೇಳಿದರು.

"ಹೌದು ಸರ್, ಸ್ವಲ್ಪ ಫೀವರ್," ಎಂದೆ. ಆಮೇಲೆ ನಿಜವಾಗಿಯೂ ಮೈ ಬಿಸಿಯಾದಂತಾಯಿತು.

ದೇವೀಂದ್ರಪ್ಪನಿಗೆ ಈ ಮಾತು ಕೇಳಿಸಿತ್ತು. ರೂಮಿಗೆ ಬಂದವನೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟತೊಡಗಿದ.

"ಇದು ಗಿಟಾರ್ ಏನೋ, ಗಿಟಾರಿನ ಕೂಸೋ? ಹಾಲು ಬಿಡಿಸಿ ಎಷ್ಟು ದಿನಾತು?"

"ಇಡು ಕೆಳಗೆ."

"ನಮ್ಮ ಶರಣಸಿರಸಗಿಯೊಳಗ ಒಂದು ಡೊಳ್ಳು ಅದ. ಬಾರಿಸಿದ್ರ ಎಮ್ಮಿ ಹಗ್ಗ ಹರಕೊಂಡು ಓಡ್ತಾವ. ವಾದ್ಯ ಅಂದ್ರ ಹಂಗಿರಬೇಕು."

"ಇದನ್ನು ಬಾರಿಸಿದರೆ?"

"ಎಮ್ಮಿ ಮಲಕೋತಾವ."

ಅವನು ಊಟಕ್ಕೆ ಹೋದಾಗ ಫುಟ್‌ರೂಲರ್ ಹಿಡಿದು ಅಳೆದೆ. ಹೊಟ್ಟೆಯ ಅಗಲವಾದ ಜಾಗ ಹನ್ನೆರಡು ಇಂಚು. ನಡು ಏಳು. ಆಳ ಮೂರೂವರೆ. ಕ್ಯಾಟಲಾಗಿನ ಪ್ರಕಾರ ಇದು ನಂಬರ್ ಒಂದು, 'ಪಾರ್ಲರ್'. ಎರಡನೆಯದು 'ಕನ್ಸರ್ಟ್', ಹದಿಮೂರೂವರೆ. ಮೂರನೆಯದು ಹದಿನಾಲ್ಕು. ನಾಲ್ಕನೆಯದು 'ಆಡಿಟೋರಿಯಂ', ಹದಿನೈದು ಇಂಚು, ಉಕ್ಕಿನ ತಂತಿಯದು. ನನ್ನದಕ್ಕೆ ಕರುಳಿನ ತಂತಿ. ನೋಡಿದರೆ ಬರೀ ಮೂರು ಇಂಚಿನ ವ್ಯತ್ಯಾಸ. ಮೂರು ಇಂಚು ದೊಡ್ಡದಾಗಿದ್ದರೆ ವಾರ್ಡನ್ ಸಾಹೇಬರು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಫೆಬ್ರವರಿ ೪, ಬುಧವಾರ

ಹೊಸ ಗಿಟಾರು ಬರುವ ತನಕ ತಡೆಯಲಾಗಲಿಲ್ಲ. ಹೊಟ್ಟೆ ದೊಡ್ಡದು ಮಾಡಲು ಬರುವುದಿಲ್ಲ, ತಂತಿಯನ್ನಾದರೂ ಗಟ್ಟಿಯದು ಹಾಕಬಹುದಲ್ಲ ಎಂಬ ಐಡಿಯಾ ಬಂತು. ಜಗತ್ ಎಂಬ ಪೇಟೆಯ ಕಡೆ ಹೋಗುವ ದಾರಿಯಲ್ಲಿ ಶಬ್ಬೀರ್ ಮಿಯಾ ಅಂತ ಒಬ್ಬರು ತಂಬೂರಿ, ಸಿತಾರು ಮಾಡುತ್ತಾರೆ. ರಮಜಾನ್ ತಿಂಗಳು, ರೋಜಾ ಹಿಡಿದು ಸುಸ್ತಾಗಿ ಗೋಡೆಗೆ ಒರಗಿದ್ದರು. ಉಕ್ಕಿನ ತಂತಿ ಆರು ಬೇಕೆಂದೆ. ಯಾತಕ್ಕೆ ಎಂದರು. ಗಿಟಾರಿಗೆ ಎಂದರೆ ಬೇಡವೆನ್ನುತ್ತಾರೇನೋ ಎಂಬ ಹೆದರಿಕೆಯಿಂದ, ಗೆಳೆಯನ ಮಾಮನ ಏಕತಾರಿಗೆ ಎಂದುಬಿಟ್ಟೆ.

"ಏಕತಾರಿಗಿ ಒಂದ ತಂತಿ ಸಾಕಲ್ಲ ಬೇಟಾ. ಆರು ಯಾಕ?"

"ಹರಿದರೆ ಇರಲಿ ಅಂತ."

"ಮಾಮಾ ಬಹಳ ಜೋರ್ ಭಜನಿ ಮಾಡ್ತಾರ ಕಾಣಸ್ತದ," ಎಂದು ಕಣ್ಣು ಮುಚ್ಚಿಕೊಂಡೇ ತಂತಿಯ ಸುರುಳಿ ನನ್ನತ್ತ ತಳ್ಳಿದರು.

ಫೆಬ್ರವರಿ ೫, ಗುರುವಾರ

ಎಂಥ ಜೋರು! ವರಾಂಡದ ಆ ತುದಿಗೆ ಕೇಳಿತು. ದೇವೀಂದ್ರಪ್ಪ ಬಾಯಲ್ಲಿದ್ದ ರೊಟ್ಟಿಯನ್ನೂ ನುಂಗದೆ, "ಅಬಬಬ, ಕೂಸಿಗಿ ದನಿ ಒಡದದಲ್ಲೋ!" ಎಂದ. ನಂಬರ್ ನಾಲ್ಕು ಎಂದು ಡ್ಯಾಡಿಗೆ ಇಂಗ್ಲಿಷಿನಲ್ಲಿ ಬರೆದೆ. ಇಂಕಿನ ಕಲೆ ಬಿತ್ತು. ನಾಳೆ ಫೇರ್ ಮಾಡಬೇಕು.

ಫೆಬ್ರವರಿ ೮, ರವಿವಾರ

ಪ್ರೇಯರಿನ ನಡುವೆ ಟಪ್ ಎಂಬ ಶಬ್ದ. ತಂತಿ ಹರಿದಿರಬೇಕು ಎಂದುಕೊಂಡೆ. ತಂತಿ ಅಲ್ಲ. ಮುಖದ ಹಲಗೆ ಪೂರಿಯಂತೆ ಉಬ್ಬಿದೆ. ತಂತಿ ಕಟ್ಟುವ ಕುದುರೆ ಒಂದು ಕಡೆ ಎದ್ದು ಬಂದಿದೆ, ಅದರ ಪಕ್ಕ ಕೂದಲೆಳೆಯಂಥ ಬಿರುಕು.

ಡ್ಯಾಡಿಗೆ ಏನು ಹೇಳಲಿ. ಬರೆದ ಲೆಟರನ್ನು ಇನ್ನೂ ಹಾಕಿಲ್ಲ.

ಫೆಬ್ರವರಿ ೧೦, ಮಂಗಳವಾರ

ಏನೂ ಓದಲಾಗಲಿಲ್ಲ. ಉರ್ದು ಪ್ರೊಫೆಸರ್ ನನ್ನ ರೋಲ್ ನಂಬರ್ ಕರೆದಾಗ ಎದ್ದು ನಿಂತು ಬೇರೆ ಯಾವುದೋ ಪುಟ ತೆರೆದೆ. ಕೂತುಕೋ ಎಂದರು.

ಫೆಬ್ರವರಿ ೧೩, ಶುಕ್ರವಾರ

ಕಾಲೇಜಿಗೆ ರಜೆ. ಕೌದಿಯಲ್ಲಿ ಸುತ್ತಿಕೊಂಡು ಶಬ್ಬೀರ್ ಮಿಯಾ ಅವರ ಅಂಗಡಿಗೆ ಹೋದೆ. ಹೊರಗೆ ಎರಡು ಸಲ ಸುತ್ತು ಹಾಕಿದೆ. ಮೂರನೆಯ ಸಲ ಅವರೇ, "ಏಕತಾರಿ ಬಂತೇನು?" ಎಂದು ಕೂಗಿದರು.

ಬಿಚ್ಚಿ ತೋರಿಸಿದೆ. ಅವರ ಸುಸ್ತೆಲ್ಲ ಹಾರಿಹೋಯಿತು.

"ಯಾ ಅಲ್ಲಾ! ಇದಕ ಹಾಕಿದ್ಯಾ ಉಕ್ಕಿನ ತಂತಿ? ಇದರ ಮಾರಿ ರೊಟ್ಟಿಗಿಂತ ತೆಳು ಅದ. ಕೂಸಿನ ತಲಿಮ್ಯಾಲ ಜ್ವಾಳದ ಚೀಲ ಹೊರಿಸೀದಿ!"

"ತಪ್ಪಾಯಿತ್ರಿ."

"ಸುಳ್ಳು ಬ್ಯಾರೆ ಹೇಳ್ದಿ. ರಮಜಾನದಾಗ. ನನಗ!"

ಮೊದಲು ಆರೂ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದರು. ಆಮೇಲೆ ನಡುವಿನ ಕಿಂಡಿಯಲ್ಲಿ ಬೆರಳು ತೂರಿಸಿ ಒಳಗೆಲ್ಲ ತಡವಿದರು. ಸಿಟ್ಟು ಇಳಿಯುತ್ತ ಬಂತು. "ಒಳಗ ಸಣ್ಣ ಕಡ್ಡಿ ಅಷ್ಟ ಆಸರಾ ಅದ. ಮಾಡಿದವ ಕರುಳಿನ ತಂತಿಗಂತಲೇ ಮಾಡ್ಯಾನ. ಶಾಣ್ಯಾ ಅದಾನ. ಈದ್ ತನಕ ಬಿಟ್ಟು ಹೋಗು. ಬಿಸಿ ನೀರು, ಅಂಟು, ಮ್ಯಾಲ ಭಾರ. ಅವಸರ ಮಾಡಿದ್ರ ಕೈಯಾಗ ಕಟ್ಟಿಗಿ ಚಕ್ಕಿ ಉಳೀತದ."

ನಾನು ಹೋಗದೆ ನಿಂತೇ ಇದ್ದೆ. ಜೇಬಿನಿಂದ ಕ್ಯಾಟಲಾಗಿನ ಹಾಳೆ ತೆಗೆದು, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದೆ. ಅವರಿಗೆ ಇಂಗ್ಲಿಷ್ ಬಾರದು. ಚಿತ್ರಗಳನ್ನು ಸ್ವಲ್ಪ ಹೊತ್ತು ನೋಡಿ ಎದ್ದು, ಗೂಟದಿಂದ ಎರಡು ತಂಬೂರಿ ಇಳಿಸಿದರು. ಒಂದರ ಬುರುಡೆ ದೊಡ್ಡದು, ಗಂಡಸರು ಹಾಡಲು ಇಟ್ಟುಕೊಳ್ಳುವಂಥದ್ದು. ಇನ್ನೊಂದು ಹೆಂಗಸರದು, ಬುರುಡೆ ಚಿಕ್ಕದು.

"ಹೊರಗ ಹೋಗು. ಬೇವಿನ ಗಿಡದ ತನಕ. ತಿರುಗಿ ನೋಡಬ್ಯಾಡ, ಬರೀ ಕೇಳು."

ಹೋದೆ. ಹತ್ತು ಹೆಜ್ಜೆಗೆ ಎರಡೂ ಕೇಳುತ್ತಿದ್ದವು. ಚಿಕ್ಕದೇ ಹೆಚ್ಚು ಸ್ಪಷ್ಟ, ಮೀಟಿದ ಕ್ಷಣಕ್ಕೇ ಕಿವಿಗೆ ಬರುತ್ತಿತ್ತು. ಇಪ್ಪತ್ತು ಹೆಜ್ಜೆಗೆ ಚಿಕ್ಕದರ ಕೆಳಗಿನ ಸ್ವರ ಮಾಯವಾಯಿತು, ಮೇಲಿನ ಸ್ವರ ಮಾತ್ರ ಸೊಳ್ಳೆಯಂತೆ ಉಳಿಯಿತು. ಬೇವಿನ ಗಿಡದ ಹತ್ತಿರ ಅದೂ ಇಲ್ಲ. ದೊಡ್ಡದರ ಗುಂಯ್ ಎಂಬ ದನಿ ಮಾತ್ರ ಜಟಕಾ ಸದ್ದಿನ ಕೆಳಗಿನಿಂದ ಬರುತ್ತಲೇ ಇತ್ತು.

"ಸಣ್ಣ ಹೊಟ್ಟಿ ಛಟ್ನ ಮಾತಾಡ್ತದ," ಎಂದರು ನಾನು ತಿರುಗಿ ಬಂದಾಗ. "ಒಳಗ ಗಾಳಿ ಕಡಿಮಿ, ಬಡದೆಬ್ಬಿಸಾಕ ಹೊತ್ತು ಬೇಕಾಗಲ್ಲ. ದೊಡ್ಡ ಹೊಟ್ಟಿ ಉಸಿರು ತಗೊಂಡು ಮಾತಾಡ್ತದ. ಮಂದ್ರ ಸ್ವರಕ್ಕ ಕಾಲು ಚಾಚಾಕ ಜಾಗಾ ಬೇಕಲ್ಲ, ಅದು ಅಲ್ಲಿ ಸಿಗ್ತದ. ಅದಕ್ಕ ದೂರ ಹೋಗ್ತದ."

"ಹಾಗಾದರೆ ದೊಡ್ಡದೇ ಒಳ್ಳೆಯದು."

"ನಕ್ಕೋ, ನಕ್ಕೋ, ಹಂಗಲ್ಲ. ಒಳ್ಳೇದು ಕೆಟ್ಟದ್ದು ಅಂತ ನಾ ಎಲ್ಲಿ ಅಂದೆ? ಯಾರಿಗಿ ಕೇಳಸಬೇಕು ಅದು ಹೇಳು ಮದಲ. ಆಮ್ಯಾಲ ಅಳತಿ."

ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ವಾರ್ಡನ್ ಸಾಹೇಬರಿಗೆ ಎಂದರೆ ನಗುತ್ತಿದ್ದರು.

ಫೆಬ್ರವರಿ ೧೫, ರವಿವಾರ

ಪ್ರೇಯರಿನಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಯಾರೂ ಏನೂ ಕೇಳಲಿಲ್ಲ.

ಸಂಜೆ ಸ್ಟೇಷನ್ ಹತ್ತಿರದ ರೈಲ್ವೆಯವರ ಹಾಲಿನಲ್ಲಿ ಬ್ಯಾಂಡ್ ಇತ್ತು. ಗೋವೆಯವನೊಬ್ಬ ಹೊರಗೆ ಮೆಟ್ಟಿಲ ಮೇಲೆ ಕೂತು ಗಿಟಾರು ನುಡಿಸುತ್ತಿದ್ದ. ಹಳಿಗಳ ಆಚೆಯಿಂದಲೇ ನನಗೆ ಕೇಳಿಸಿತು. ಹತ್ತಿರ ಹೋಗಿ ನೋಡಿದರೆ ಕ್ಯಾಟಲಾಗಿನ ನಂಬರ್ ನಾಲ್ಕೇ, ಎಮ್ಮೆಯಂಥ ಹೊಟ್ಟೆ. ಕೆಳಗಿನ ಸ್ವರದ ತಂತಿ ಮೀಟಿದರೆ ಮೆಟ್ಟಿಲ ಕಲ್ಲಿಗೂ ತಿಳಿಯುತ್ತಿತ್ತು. ಆಮೇಲೆ ಒಳಗಿನ ಚಿಕ್ಕ ಕೋಣೆಗೆ ಹೋದರು, ಒಬ್ಬ ಹೆಂಗಸು ಹಾಡತೊಡಗಿದಳು. ಅದೇ ಗಿಟಾರು, ಅದೇ ಕೈ. ಆದರೆ ಹಾಡಿನ ಒಂದು ಮಾತೂ ತಿಳಿಯದಂತೆ ದನಿಯೆಲ್ಲ ಗೋಡೆಗೆ ಬಡಿದು ಕಲಸಿಹೋಯಿತು.

ಮುಗಿದ ಮೇಲೆ ಗೋವೆಯವನ ಹತ್ತಿರ ಈ ಮಾತು ತೆಗೆದೆ. ಅವನು ಹಣೆ ಒರೆಸಿಕೊಂಡು, "ಕೋಣೆಯೊಳಗೆ ಇದು ಹಾಡುವವರನ್ನು ತಿಂದುಹಾಕುತ್ತದೆ, ಮ್ಯಾನ್. ಬಯಲಿನಲ್ಲಿ ಮಾತ್ರ ಜಂಟಲ್‌ಮನ್. ನಿನ್ನದೆಷ್ಟು ಅಳತೆ?" ಎಂದ.

"ಹನ್ನೆರಡು ಇಂಚು."

"ಓ, ಒಬ್ಬರಿಗೆ ಮಾತ್ರ ಕೇಳಿಸುವ ಗಿಟಾರು," ಎಂದು ನಕ್ಕ. ಕೆಟ್ಟ ನಗುವೇನಲ್ಲ.

ಫೆಬ್ರವರಿ ೧೭, ಮಂಗಳವಾರ

ಕಾಲು ನೋವು, ತಲೆ ನೋವು. ಬಿಸಿಲು ಶುರುವಾಗಿದೆ. ಟ್ರಿಗ್ನಾಮೆಟ್ರಿ ಎಂದರೆ ವಾಂತಿ ಬರುತ್ತದೆ.

ದೇವೀಂದ್ರಪ್ಪ, "ಗಿಟಾರ್ ಎಲ್ಲೋ? ಬಾಣಂತನಕ್ಕ ಹೋಗ್ಯದೇನು?" ಎಂದ. ರಿಪೇರಿಗೆ ಕೊಟ್ಟಿದ್ದೇನೆ, ಈದ್ ರಜೆಗೆ ಅದನ್ನು ತೆಗೆದುಕೊಂಡು ಕಮಲಾಪುರಕ್ಕೆ ಹೋಗುತ್ತೇನೆ ಎಂದೆ.

"ಕಮಲಾಪುರದಾಗ ಯಾರದಾರ?"

"ತಾಯಿ."

ಬಾಯಿಂದ ಬಂದೇಬಿಟ್ಟಿತು. ದೇವೀಂದ್ರಪ್ಪ ದೊಡ್ಡದಾಗಿ ಆಕಳಿಸಿ, "ಬರೂಮುಂದ ಕೆಂಪು ಬಾಳಿಹಣ್ಣ ತಗೊಂಡು ಬಾ, ಅಲ್ಲೀವು ಚಲೋ ಇರ್ತಾವ," ಎಂದು ಮಗ್ಗುಲು ತಿರುಗಿ ಮಲಗಿದ. ಅಷ್ಟೇ.

ಫೆಬ್ರವರಿ ೧೯, ಗುರುವಾರ

ಈದ್. ಶಬ್ಬೀರ್ ಮಿಯಾ ಹೊಸ ಅಂಗಿ ಹಾಕಿಕೊಂಡು ಬೇರೆ ಮನುಷ್ಯನಂತೆ ಕಾಣುತ್ತಿದ್ದರು. ಮೊದಲು ಒಂದು ಬಟ್ಟಲು ಹಾಲು-ಶಾವಿಗೆಯ ಶೀರ್ ಕುರ್ಮಾ ಕೊಟ್ಟರು, ಕುಡಿದು ಮುಗಿಸುವ ತನಕ ಗಿಟಾರು ತೋರಿಸಲಿಲ್ಲ. ಉಬ್ಬು ಇಳಿದಿದೆ. ಕುದುರೆ ಕೂತಿದೆ. ಬಿರುಕು ಮುಚ್ಚಿದೆ, ಗೆರೆ ಮಾತ್ರ ಉಳಿದಿದೆ. ಕರುಳಿನ ತಂತಿಯನ್ನೇ ಹಾಕಿದ್ದಾರೆ.

ಅಂಗಡಿಯಲ್ಲೇ ಕೂತು ನುಡಿಸಿದೆ. ಇಷ್ಟು ದಿನ ಇದನ್ನು ಎದೆಗಾನಿಸಿಕೊಂಡು ನು‌ಡಿಸಿದವನು ನಾನೇ, ಆದರೆ ಸರಿಯಾಗಿ ಕೇಳಿರಲಿಲ್ಲ. ಒಂದೊಂದು ಸ್ವರವೂ ಬೇರೆ ಬೇರೆ, ಅಕ್ಕಪಕ್ಕ ತಾಗದಂತೆ, ತೊಳೆದಿಟ್ಟ ಬಟ್ಟಲುಗಳ ಹಾಗೆ. ಇದನ್ನು ಕೊಡಬೇಕಲ್ಲ ಎನಿಸಿ ಮತ್ತೊಂದು ಸಲ ನುಡಿಸಿದೆ.

ಫೆಬ್ರವರಿ ೨೦, ಶುಕ್ರವಾರ, ಕಮಲಾಪುರ

ಹುಮನಾಬಾದಿನ ಮೋಟಾರಿನಲ್ಲಿ ಬಂದೆ. ಗಿಟಾರು ತೊಡೆಯ ಮೇಲೆ, ಧೂಳು ಬಾಯಿಯೊಳಗೆ. ಕಮಲಾಪುರದಲ್ಲಿ ಮೋಟಾರು ನಿಂತರೆ ಅರ್ಧ ಊರು ಸೇರುತ್ತದೆ. ಏಜೆಂಟ್ ಹಣಮಂತರಾಯರು ಗಂಟು, ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿಕೊಂಡು, ಯಾರಿಗೆ ಬಂದದ್ದು, ಯಾರು ಕಳಿಸಿದ್ದು ಎಂದು ಊರಿಗೆಲ್ಲ ಕೇಳುವಂತೆ ಓದುತ್ತಾರೆ. ಓದದೆ ಒಂದು ಪೊಟ್ಟಣವೂ ಅವರ ಕೈ ಬಿಡುವುದಿಲ್ಲ. "ದೌಲಪ್ಪಗ, ಸೊಲ್ಲಾಪುರದ ಅಳಿಯನಿಂದ!" ಎಂದರೆ ದೌಲಪ್ಪ ಮೀಸೆ ತಿರುವುತ್ತ ಮುಂದೆ ಬರುತ್ತಾನೆ. ಜನ ಅಳಿಯನನ್ನು ಹೊಗಳುತ್ತಾರೆ. ಬೇಕೆಂದೇ ನಿಧಾನ ಮಾಡಿ ಎರಡೆರಡು ಸಲ ಓದಿಸಿಕೊಳ್ಳುವವರೂ ಇದ್ದಾರೆ.

ಅವ್ವ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಆರ್ಥರ್ ಎಂಬ ಹೆಸರು ಈ ಮನೆಯಲ್ಲಿಲ್ಲ.

"ಬಂದ್ಯಾ ನೀಲಕಂಠ? ಯಾಕ ಇಷ್ಟು ಸೊರಗೀದಿ? ಬೋರ್ಡಿಂಗದಾಗ ಅನ್ನ ಹಾಕ್ತಾರೋ, ಪುಸ್ತಕ ತಿನ್ನಸ್ತಾರೋ?"

ರೊಟ್ಟಿ, ಪುಂಡಿಪಲ್ಯೆ ಊಟವಾದ ಮೇಲೆ ಗಿಟಾರನ್ನು ಬಿಚ್ಚಿದೆ. ನಾನು ಏನಾದರೂ ಹೇಳುವ ಮೊದಲೇ ಅವ್ವನ ಬೆರಳು ಹಲಗೆಯ ಮೇಲೆ ಸರಿದು ಆ ಗೆರೆಯ ಮೇಲೆ ನಿಂತಿತು.

"ಇಲ್ಲೇನಾತು?"

ಉಕ್ಕಿನ ತಂತಿಯ ಕಥೆಯನ್ನೆಲ್ಲ ಹೇಳಿದೆ. ಏಕತಾರಿಯ ಸುಳ್ಳನ್ನೂ ಬಿಡಲಿಲ್ಲ.

"ಜೋರ್ ಬರಲಿ ಅಂತ ಹಾಕಿದ್ಯಾ?" ಎಂದು ನಗತೊಡಗಿದಳು. ಸೆರಗು ಬಾಯಿಗೆ ಹಿಡಿದುಕೊಂಡು ಬಹಳ ಹೊತ್ತು ನಕ್ಕಳು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಆಮೇಲೆ ಪತ್ರದ ವಿಷಯ ಹೇಳಿದೆ. ಮಾರ್ಚಿಗೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ, ಇದು ಬೇಕಂತೆ, ಬದಲಿಗೆ ಹೊಸದು. ಅವ್ವ ದಾರವನ್ನು ಹಲ್ಲಿನಿಂದ ಕಡಿದಳು.

"ನನಗೇನರ ಬರದಾರೇನು?"

ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ. "ಇಲ್ಲ."

ಅವ್ವ ಇನ್ನೊಂದು ದಾರ ಪೋಣಿಸಿದಳು. ಸೂಜಿಯ ಕಣ್ಣು ಸಿಗಲು ಹೊತ್ತಾಯಿತು.

"ನಾನು ಕೊಡೋದಿಲ್ಲವ್ವ. ಕೊಡೋದಿಲ್ಲ ಅಂತಲೇ ಬರೀತೀನಿ. ಇದು ಈ ಮನೇದು. ಹೊಸದೂ ಬೇಡ."

"ಅವರ ಹತ್ರ ಎರಡು ಇದ್ದವು, ಗೊತ್ತೇನು ನಿನಗ?" ಎಂದಳು. "ದೊಡ್ಡದೊಂದು ಬಂಗ್ಲೇದಾಗ ಇರ್ತಿತ್ತು. ಹೈದರಾಬಾದಿಲಿಂದ ಸಾಹೇಬ್ರು, ಮೇಮ್‌ಸಾಬ್ರು ಬಂದ್ರ ಅದನ್ನ ನುಡಸ್ತಿದ್ರು. ನಾ ಹೊಲದಿಂದ ಬರೂಮುಂದ ರಸ್ತಾದಾಗ ಹುಲ್ಲಿನ ಹೊರಿ ಹೊತಗೊಂಡೇ ನಿಂತು ಕೇಳ್ತಿದ್ದೆ. ಈ ಸಣ್ಣದು ನಮ್ಮ ಮನ್ಯಾಗ."

"ಮನೆ ಸಣ್ಣದಲ್ಲ, ಅದಕ್ಕೆ. ಸಣ್ಣ ಕೋಣೆಗೆ ಸಣ್ಣ ಹೊಟ್ಟೇದೇ ಸರಿ."

"ನಾನೂ ಹಂಗ ಅನ್ಕೊಂಡಿದ್ದೆ. ಇದು ತಂದ ದಿನ ನನಗ, ಹಿಂಗ ಹಿಂಗ ಮೀಟು ಅಂತ ತೋರಿಸಿ ಒಳಗ ಕುಂಡ್ರಿಸಿದ್ರು. ತಾವು ಓಣಿಗಿ ಹೋಗಿ ನಿಂತ್ರು. ಬಾಗಲ ಮುಂದ ನಿಂತ್ರು, ಬಾವಿ ಹತ್ರ ನಿಂತ್ರು, ಮಠದ ಮೂಲಿಗಿ ನಿಂತ್ರು. ಒಳಗ ಬಂದು, ಚಲೋ ಅದ, ಹೊಸ್ತಿಲ ದಾಟಂಗಿಲ್ಲ ಅಂದ್ರು. ಭಾಳ ಖುಷಿಲೇ ಅಂದ್ರು."

ಯಾರಿಗೆ ಕೇಳಿಸಬೇಕು ಎಂದು ಶಬ್ಬೀರ್ ಮಿಯಾ ನನ್ನನ್ನು ಕೇಳಿದ ಪ್ರಶ್ನೆಗೆ ಬೇರೆ ಯಾರೋ ಎಂದೋ ಉತ್ತರ ಕೊಟ್ಟಿದ್ದಾರೆ ಎನಿಸಿತು. ಗಿಟಾರನ್ನು ನುಡಿಸದೆ ಮತ್ತೆ ಕೌದಿಯಲ್ಲಿ ಸುತ್ತಿಟ್ಟೆ. ಬಹಳ ದಣಿವು. ಇಷ್ಟು ಬರೆದು ಮಲಗುತ್ತೇನೆ.

ಫೆಬ್ರವರಿ ೨೧, ಶನಿವಾರ

ಬೆಳಿಗ್ಗೆ ಒಲೆಯ ಮುಂದೆ ಅವ್ವ, "ಆ ಹಾಳಿ ತೋರಿಸು," ಎಂದಳು. ಕ್ಯಾಟಲಾಗಿನ ಹಾಳೆ. ರೊಟ್ಟಿ ತಟ್ಟುವ ಕೈ ಒರೆಸಿಕೊಂಡು ನಾಲ್ಕೂ ಚಿತ್ರ ನೋಡಿದಳು.

"ಬಂಗ್ಲೇದಂಥಾದ್ದು ಇದರಾಗ ಯಾವುದು?"

"ನಾಲ್ಕನೇದು ಇರಬೇಕು. ಆದರೆ ಈ ಮನೆಗೆ ಅದು ಸರಿಯಾಗಲ್ಲವ್ವ. ಗೋಡೆಗೆ ಬಡಿದು ದನಿ ಕಲಸಿಹೋಗ್ತದ. ಬೇಕೇ ಬೇಕಂದರೆ ಎರಡನೇದು ಸಾಕು, ಹದಿಮೂರೂವರೆ ಇಂಚಿನದು. ಕೆಳಗಿನ ಸ್ವರವೂ ಇರ್ತದ, ಮಾತೂ ಮುಚ್ಚೋದಿಲ್ಲ."

"ಮನ್ಯಾಗ ಯಾರ್ ನುಡಸಂತಾರ? ಹೊರಗ ಕಟ್ಟಿ ಮ್ಯಾಲ ಕುಂಡ್ರು."

"ಊರಿನವರು?"

"ಕೇಳ್ಲಿ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಹದಿನೇಳು ವರ್ಷ ಎಲ್ಲಾ ಹೊಸ್ತಿಲ ಒಳಗ ಮುಚ್ಚಿಟ್ಟೀನಿ. ಸಾಕಾಗ್ಯದ ನನಗ. ಸಣ್ಣದು ಅವರ ತಾಯಿದು, ಅವರಿಗೇ ಹೋಗ್ಲಿ. ಇಟ್ಕೊಂಡು ಏನ್ಮಾಡ್ಲಿ? ನನಗ ನಾಕನೇದು ಬೇಕು."

ಎರಡು ದಿನದ ಹಿಂದೆ ಅಂಗಡಿಯಲ್ಲಿ ಕೇಳಿದ ಆ ಸ್ವರಗಳು ನೆನಪಾದವು. ಚಿಕ್ಕದು ನನಗೆ ಬೇಕಾಗಿತ್ತು. ಆದರೆ ಬಯಲಿಗೆ ಅದು ಸಾಲದು ಎಂಬುದು ಈಗ ನನಗೇ ಚೆನ್ನಾಗಿ ಗೊತ್ತು.

"ಇನ್ನೊಂದು ಬರಿ," ಎಂದಳು. "ಪೆಟ್ಟಿಗಿ ನಿನ್ನ ಬೋರ್ಡಿಂಗಿಗಿ ಬ್ಯಾಡ. ಇಲ್ಲಿಗೇ ಬರ್ಲಿ, ನನ್ನ ಹೆಸರಿಗಿ. ಮುಂಚೆ ಏನ ಕಳಿಸಿದ್ರೂ ಬಂಗ್ಲೇದ ಮುನ್ಶಿ ಹೆಸರಲೇ ಬರ್ತಿತ್ತು. ಹಣಮಂತರಾಯ ಒಂದಿನ ನನ್ನ ಹೆಸರ ಓದಿಲ್ಲ. ಕಳಿಸಿದವರ ಹೆಸರೂ ಅದರ ಮ್ಯಾಲ ಇರಬೇಕು, ಪೂರಾ."

"ಅವರು ಒಪ್ಪದಿದ್ದರೆ?"

"ಸಣ್ಣದು ಗೂಟಕ್ಕ ಇರ್ತದ. ಮದಲ ಹೆಸರ ಬರೀತೀನಿ ಅಂತ ಒಪ್ಪಲಿ, ಆಮ್ಯಾಲ ಗಿಟಾರ್." ರೊಟ್ಟಿ ಹೊರಳಿಸಿ ಹಾಕಿ, "ತಿನ್ನು, ಆರ್ತದ," ಎಂದಳು.

ಫೆಬ್ರವರಿ ೨೪, ಮಂಗಳವಾರ

ಕಲಬುರಗಿಗೆ ಬಂದು ಎರಡು ದಿನವಾಯಿತು. ಚಿಕ್ಕ ಗಿಟಾರು ಕಮಲಾಪುರದಲ್ಲೇ ಇದೆ. ದೇವೀಂದ್ರಪ್ಪ ಬಾಳೆಹಣ್ಣಿನ ಗೊನೆಯಲ್ಲಿ ಅರ್ಧ ತಿಂದು, "ನಿಮ್ಮವ್ವಗ ಶರಣು ಅಂತ ಹೇಳೋ," ಎಂದ. ನಿನ್ನೆ ಉರ್ದು ಪ್ರೊಫೆಸರ್ ಕರೆದಾಗ ತಪ್ಪೋ ಸರಿಯೋ ಎರಡು ಸಾಲು ಓದಿದೆ. ಮೈ ಮಾತ್ರ ಇನ್ನೂ ಭಾರ.

ಬೊಂಬಾಯಿಗೆ ಬರೆಯುವ ಪತ್ರವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ ಶುರು ಮಾಡಿ ಹರಿದೆ. ಅವರಿಗೆ ಕನ್ನಡ ಓದಲು ಬರುತ್ತದೆ, ಸರ್ಕಾರಿ ಪರೀಕ್ಷೆಗೆಂದು ಕಲಿತಿದ್ದರಂತೆ. ಹಾಗಾಗಿ ಕನ್ನಡದಲ್ಲೇ ಬರೆದು ಇವತ್ತು ಟಪಾಲಿಗೆ ಹಾಕಿದೆ. ನಕಲು ಇಲ್ಲಿ ಇಟ್ಟುಕೊಂಡಿದ್ದೇನೆ.

ಟರ್ನರ್ ಸಾಹೇಬರಿಗೆ, ಕಮಲಾಪುರದ ನೀಲಗಂಗಮ್ಮನ ಮಗ ನೀಲಕಂಠ ಬರೆಯುವುದೇನೆಂದರೆ,

ನಿಮ್ಮ ಪತ್ರ ತಲುಪಿತು. ಚಿಕ್ಕ ಗಿಟಾರನ್ನು ನಿಮಗೆ ಕೊಡಲು ಅವ್ವ ಒಪ್ಪಿದ್ದಾಳೆ. ನಾನು ಬುದ್ಧಿಯಿಲ್ಲದೆ ಉಕ್ಕಿನ ತಂತಿ ಹಾಕಿದ್ದರಿಂದ ಅದರ ಮುಖದ ಹಲಗೆ ಎದ್ದಿತ್ತು. ಇಲ್ಲಿಯ ತಂಬೂರಿ ಮಾಡುವವರು ಸರಿಪಡಿಸಿದ್ದಾರೆ. ಕುದುರೆಯ ಪಕ್ಕ ಒಂದು ಗೆರೆ ಉಳಿದಿದೆ. ಇನ್ನು ಮುಂದೆ ಯಾರು ನುಡಿಸಿದರೂ ಕರುಳಿನ ತಂತಿಯನ್ನೇ ಹಾಕಬೇಕು.

ನಮಗೆ ನಂಬರ್ ನಾಲ್ಕು ಬೇಕು, ಹದಿನೈದು ಇಂಚಿನದು. ಕೋಣೆಯೊಳಗೆ ನುಡಿಸುವುದಾದರೆ ನಂಬರ್ ಎರಡೇ ಸರಿಯಾದ ಅಳತೆ ಎಂದು ನನಗೆ ಗೊತ್ತಿದೆ. ನಾವು ಹೊರಗೆ ಕಟ್ಟೆಯ ಮೇಲೆ ಕೂತು ನುಡಿಸುತ್ತೇವೆ.

ಪೆಟ್ಟಿಗೆಯನ್ನು ಕಮಲಾಪುರಕ್ಕೇ ಕಳಿಸಬೇಕು. ತಲುಪಬೇಕಾದವರು ಎಂಬಲ್ಲಿ ನೀಲಗಂಗಮ್ಮ ಎಂದು ಬರೆಸಿ. ಕಳಿಸಿದವರು ಎಂಬಲ್ಲಿ ನಿಮ್ಮ ಪೂರ್ತಿ ಹೆಸರು. ಅಂಗಡಿಯ ಹೆಸರು ಬೇಡ, ಮುನ್ಶಿಯ ಹೆಸರೂ ಬೇಡ. ಉರ್ದು ಅಕ್ಷರದಲ್ಲಿಯೂ ದೊಡ್ಡದಾಗಿ ಇರಲಿ. ಮೋಟಾರ್ ಏಜೆಂಟರು ಓದುವುದು ಅದನ್ನೇ.

ಹಾಗೆ ಬರೆಸುತ್ತೇನೆಂಬ ನಿಮ್ಮ ಒಪ್ಪಿಗೆ ಕೈಗೆ ಬಂದ ದಿನವೇ ಚಿಕ್ಕದನ್ನು ಕೌದಿಯಲ್ಲಿ ಸುತ್ತಿ, ಪೆಟ್ಟಿಗೆ ಮಾಡಿಸಿ, ನಾನೇ ಸ್ಟೇಷನ್ನಿಗೆ ಹೋಗಿ ಕಳಿಸುತ್ತೇನೆ. ನಿಮ್ಮ ಹಡಗಿಗೆ ಇನ್ನು ಇಪ್ಪತ್ತೈದು ದಿನ ಇದೆ. ಬೇಗ ಉತ್ತರ ಬರೆಯಿರಿ.